ಪ್ರೀತಿಯ ಹೆಸರಿನಲ್ಲಿ ಪಹರೆ

ಪ್ರಶ್ನೆ: ನನಗೆ 22 ವರ್ಷ, ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನಾನು ಪ್ರೀತಿಸುವ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಲೈಬ್ರರಿಯಲ್ಲಿದ್ದೇನೆ ಎಂದರೆ ವಿಡಿಯೊ ಕಾಲ್ ಮಾಡಿ ಸುತ್ತಲೂ ತೋರಿಸು ಎನ್ನುತ್ತಾನೆ. ಮೊನ್ನೆ ಪಕ್ಕದ ಖಾಲಿ ಕುರ್ಚಿಯನ್ನು ಕಂಡು, ‘ಅಲ್ಲಿಂದ ಎದ್ದುಹೋದವನು ಯಾರು?’ ಎಂದ. ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೊಟ್ಟೆ, ಸಹಪಾಠಿ ಹುಡುಗರನ್ನು ಬ್ಲಾಕ್ ಮಾಡಿದೆ, ಆದರೂ ಅನುಮಾನ ಹೆಚ್ಚುತ್ತಲೇ ಇದೆ. ಬಾಯಿಗೆ ಬಂದಂತೆ ಬೈದು, ಮರುದಿನ ಅಳುತ್ತಾ ಕ್ಷಮೆ ಕೇಳುತ್ತಾನೆ. ದೂರವಾಗೋಣವೆಂದರೆ, ನಾನು ಹಿಂದೆ ಕಳಿಸಿದ ಖಾಸಗಿ ಫೋಟೊಗಳನ್ನು ನೆನಪಿಸುತ್ತಾನೆ. ಪ್ರೀತಿ ಹೆಚ್ಚಾದರೆ ಹೀಗಾಗುತ್ತದೆಯೇ?
– ಹೆಸರು ಬೇಡ

ಉತ್ತರ: ಮೊದಲು ಫೋಟೊಗಳ ವಿಷಯ. ಅವುಗಳನ್ನು ನೆನಪಿಸುವುದು ಬೆದರಿಕೆ. ಅದನ್ನು ಮುನಿಸೆಂದು ಭಾವಿಸಬೇಡಿ. ನೀವೇ ಕಳಿಸಿದ್ದೆಂದು ಅಳುಕುವುದೂ ಬೇಡ. ಚಿತ್ರ ತೆಗೆಯಲು ಮಹಿಳೆ ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ, ಅಂಥ ಖಾಸಗಿ ಚಿತ್ರವನ್ನು ಹರಡುವುದು ಅಪರಾಧವೆಂದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಮಾನ ಕಳೆಯುವುದಾಗಿ ಹೆದರಿಸುವುದು 351ನೇ ಕಲಂ ಅಡಿ ಬರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನೀವು ಬರೆದಿರುವುದನ್ನು ನೋಡಿದರೆ, ಅವರಲ್ಲಿ ಹೆಚ್ಚಾಗಿರುವುದು ನೀವು ಕೈತಪ್ಪಿ ಹೋಗುವಿರೆಂಬ ಭಯ ಎನಿಸುತ್ತದೆ. ತಾಯಿ ಮತ್ತು ಮಗುವಿನ ಬಾಂಧವ್ಯದ ಕುರಿತು ಮನೋವೈದ್ಯ ಜಾನ್ ಬೌಲ್ಬಿ ರೂಪಿಸಿದ ಸಿದ್ಧಾಂತವನ್ನು ಮನೋವಿಜ್ಞಾನಿಗಳಾದ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಪ್ರಣಯ ಸಂಬಂಧಗಳಿಗೆ ಅನ್ವಯಿಸಿ, ಕೆಲವರಿಗೆ ಸಂಗಾತಿ ಬಿಟ್ಟುಹೋಗುವ ಆತಂಕ ಸದಾ ಕಾಡುತ್ತದೆಂದು ತೋರಿಸಿದರು. ಇಂಥವರ ಕೈಗೆ ಮೊಬೈಲ್ ಅರೆಬರೆ ಸುಳಿವುಗಳನ್ನು ಎಡೆಬಿಡದೆ ಒದಗಿಸುತ್ತದೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಏಕೆ ಬಂದಿಲ್ಲ ಎಂಬುದನ್ನು ಭಯವೇ ಊಹಿಸಿಕೊಳ್ಳುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೇಸ್‌ಬುಕ್‌ನಲ್ಲಿ ಹೆಚ್ಚು ಹೊತ್ತು ಕಳೆಯುವ ವಿದ್ಯಾರ್ಥಿಗಳಲ್ಲಿ ಸಂಗಾತಿಯ ಬಗೆಗಿನ ಅಸೂಯೆಯೂ ಹೆಚ್ಚಾಗಿ ಕಂಡುಬಂದಿತ್ತು.

ಬೀಗ ಹಾಕಿದ ಮೇಲೂ ಮತ್ತೆ ಮತ್ತೆ ಎಳೆದು ನೋಡುವವರ ಹಾಗೆ, ಪರೀಕ್ಷಿಸಿದಾಗ ಅವರಿಗೆ ಅರೆಗಳಿಗೆ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ ಮುಂದಿನ ಪರೀಕ್ಷೆಗೆ ಎಳೆಯುತ್ತದೆ. ನೀವು ಪಾಸ್‌ವರ್ಡ್ ಕೊಟ್ಟ ಮೇಲೂ ಖಾಲಿ ಕುರ್ಚಿ ಅನುಮಾನಕ್ಕೆ ಕಾರಣವಾದದ್ದು ಇದರಿಂದಲೇ. ಎಷ್ಟು ಪುರಾವೆ ಕೊಟ್ಟರೂ ಈ ಭಯ ತೀರುವುದಿಲ್ಲ.

ಆದರೆ ಭಯವೊಂದೇ ಕಾರಣವೆಂದು ನಾನು ಒಪ್ಪಲಾರೆ. ಮೇಲಧಿಕಾರಿ ಮೆಸೇಜ್ ನೋಡಿಯೂ ಉತ್ತರಿಸದಿದ್ದರೆ ಯಾರಿಗಾದರೂ ತಳಮಳವಾಗುತ್ತದೆ, ಹಾಗೆಂದು ಅವರನ್ನು ಯಾರೂ ಬೈಯುವುದಿಲ್ಲ. ನಿಮ್ಮನ್ನು ಬೈಯಲು ಸಾಧ್ಯವಾಗುವುದು, ಪ್ರೀತಿಸಿದ ಹುಡುಗಿಯ ಮೇಲೆ ತನಗೆ ಅಧಿಕಾರವಿದೆ ಎಂಬ ನಂಬಿಕೆಯಿಂದ. ಭಯಕ್ಕೆ ಚಿಕಿತ್ಸೆಯಿದೆ, ಈ ನಂಬಿಕೆಯನ್ನು ಅವರೇ ಬಿಡಬೇಕು, ಅದು ನಿಮ್ಮ ಹೊಣೆಯಲ್ಲ.

ಇಷ್ಟಾದರೂ ಬಿಡಲಾಗುತ್ತಿಲ್ಲವೆಂದು ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಬಹುಮಾನ ಯಾವಾಗ ಸಿಗುವುದೆಂದು ತಿಳಿಯದಿದ್ದಾಗ ರೂಢಿ ಇನ್ನಷ್ಟು ಗಟ್ಟಿಯಾಗುತ್ತದೆಂದು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗಗಳು ತೋರಿಸಿವೆ. ಬೈಗುಳದ ಮರುದಿನದ ಕಣ್ಣೀರು ನಿಮ್ಮನ್ನು ಹಿಡಿದಿಟ್ಟಿರುವುದು ಹಾಗೆಯೇ.

ದೂರವಾಗುವ ಮಾತೆತ್ತಿದಾಗ ಕಿರುಕುಳ ಹೆಚ್ಚಬಹುದು. ಆದ್ದರಿಂದ ಅದಕ್ಕೆ ಮುನ್ನ ಅಕ್ಕನಿಗೋ ಗೆಳತಿಗೋ ಎಲ್ಲವನ್ನೂ ತಿಳಿಸಿ. ಚಾಟ್‌ಗಳನ್ನು ಅಳಿಸದೆ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಬಳಿಕ ಪಾಸ್‌ವರ್ಡ್ ಬದಲಿಸಿ, ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಅವರ ಫೋನೋ ಲ್ಯಾಪ್‌ಟಾಪೋ ಸೇರಿಕೊಂಡಿದೆಯೇ ನೋಡಿ. ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆ, ಚಿತ್ರವನ್ನು ನಿಮ್ಮ ಫೋನಿನಿಂದ ಹೊರಗೆ ಕಳಿಸದೆ ಅದರ ಡಿಜಿಟಲ್ ಗುರುತನ್ನಷ್ಟೇ ಪಡೆದು, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ತಾಣಗಳಲ್ಲಿ ಅದು ಹರಡದಂತೆ ತಡೆಯಲು ನೆರವಾಗುತ್ತದೆ. ದೂರು ನೀಡಲು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ಮಹಿಳಾ ಸಹಾಯವಾಣಿ 181.

ಪ್ರಶ್ನೆ: ನಾನೇ ನನ್ನ ಹುಡುಗಿಯ ‘ಲಾಸ್ಟ್ ಸೀನ್’ ಮತ್ತೆ ಮತ್ತೆ ನೋಡುತ್ತೇನೆ, ಜಗಳವಾಡುತ್ತೇನೆ. ತಪ್ಪೆಂದು ಗೊತ್ತು, ನಿಲ್ಲಿಸಲಾಗುತ್ತಿಲ್ಲ.
– ಓದುಗ, ಶಿವಮೊಗ್ಗ

ಉತ್ತರ: ತಪ್ಪೆಂದು ಒಪ್ಪಿ ಬರೆದಿದ್ದೀರಿ, ಇದು ಗಟ್ಟಿ ಆರಂಭ. ನೋಡಬೇಕೆನಿಸಿದಾಗ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಹತ್ತು ನಿಮಿಷ ತಡೆಯಿರಿ. ತಳಮಳ ಏರಿ, ನೋಡದೆಯೂ ತಾನಾಗಿ ಇಳಿಯುವುದನ್ನು ಗಮನಿಸಿ. ಮರುದಿನ ಇನ್ನಷ್ಟು ಹೊತ್ತು ತಡೆಯಿರಿ. ಅಷ್ಟರಲ್ಲಿ ಆಕೆಯಿಂದ ಯಾವ ಸಮಜಾಯಿಷಿಯನ್ನೂ ಕೇಳಬೇಡಿ. ಒಬ್ಬರೇ ನಿಭಾಯಿಸಲಾಗದಿದ್ದರೆ ಮಾನಸಿಕ ಆರೋಗ್ಯಕ್ಕಾಗಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.