ದುಡ್ಡು ಕೊಟ್ಟು ಹೆಸರಿಟ್ಟ ನಕ್ಷತ್ರ ಎಲ್ಲಿದೆ?

ಶಿರಸಿಯ ಓದುಗರೊಬ್ಬರ ಪತ್ರ: “ಅಮೆರಿಕದಲ್ಲಿರುವ ಮಗ ತನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಆನ್‌ಲೈನಿನಲ್ಲಿ ಒಂದು ನಕ್ಷತ್ರಕ್ಕೆ ಅವಳ ಹೆಸರು ಇಡಿಸಿದ್ದಾನೆ. ಚಿನ್ನದ ಅಂಚಿನ ಸರ್ಟಿಫಿಕೇಟ್ ಬಂದಿದೆ. ಅದರಲ್ಲಿ ‘ಡೆಲ್ಫಿನಸ್, ಆರ್‌ಎ 20 ಗಂಟೆ 39 ನಿಮಿಷ, ಡೆಕ್ +14.9 ಡಿಗ್ರಿ, ಮ್ಯಾಗ್ನಿಟ್ಯೂಡ್ 11’ ಎಂದಿದೆ. ಅವರು ಊರಿಗೆ ಬಂದಾಗ ಮೊಮ್ಮಗಳಿಗೆ ತೋರಿಸಬೇಕು. ಹೇಗೆ ಹುಡುಕುವುದು? ಹೆಸರು ಖಾಯಂ ತಾನೆ? ಅವಳ ಜನ್ಮನಕ್ಷತ್ರ ಮಘಾ. ಅದನ್ನೂ ನೋಡಬಹುದೇ?”

ಸಂಪಾದಕರ ಉತ್ತರ:

ಮೊದಲು ಕಹಿ ಸುದ್ದಿ ಹೇಳಿಬಿಡುತ್ತೇನೆ. ಆ ಹೆಸರು ಖಾಯಂ ಅಲ್ಲ. ನಕ್ಷತ್ರಗಳ ಹೆಸರನ್ನು ಅಧಿಕೃತವಾಗಿ ಒಪ್ಪುವುದು 1919ರಲ್ಲಿ ಶುರುವಾದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದೇ. ಅದು ಹೆಸರು ಮಾರುವುದಿಲ್ಲ. ಮಾರುವ ಕಂಪನಿಗಳು ತಮ್ಮ ಸ್ವಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತವೆ, ಅಷ್ಟೆ. ಪಹಣಿಯಲ್ಲಿ ಇಲ್ಲದ ತೋಟವನ್ನು ಡೈರಿಯಲ್ಲಿ ಬರೆದುಕೊಂಡ ಹಾಗೆ. ಅದೇ ನಕ್ಷತ್ರವನ್ನು ಇನ್ನೊಂದು ಕಂಪನಿ ಇನ್ನೊಬ್ಬರ ಹೆಸರಿಗೆ ಮಾರಿದರೂ ಕೇಳುವವರಿಲ್ಲ. ಹಾಗಂತ ಮಗನನ್ನು ಬೈಯಬೇಡಿ. ಪ್ರೀತಿಯಿಂದ ಕೊಟ್ಟಿದ್ದು. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ, ಗೋಡೆಗೆ ಚೆಂದ.

ಆದರೆ ಆ ಅಂಕಿಗಳು ಸುಳ್ಳಲ್ಲ, ಆಕಾಶದಲ್ಲಿ ಆ ಜಾಗ ಇದೆ. ಡೆಲ್ಫಿನಸ್ ಒಂದು ನಕ್ಷತ್ರಪುಂಜ. ಆರ್‌ಎ ಅಂದರೆ ಆಕಾಶದ ರೇಖಾಂಶ, ಡೆಕ್ ಅಂದರೆ ಆಕಾಶದ ಅಕ್ಷಾಂಶ. ನಿಮ್ಮ ಶಿರಸಿ ಇರುವುದು ಸುಮಾರು 14.6 ಡಿಗ್ರಿ ಉತ್ತರದಲ್ಲಿ. ನಿಮ್ಮ ನಕ್ಷತ್ರದ್ದು 14.9. ಅಂದರೆ ಅದು ದಿನಕ್ಕೊಮ್ಮೆ ಹೆಚ್ಚುಕಮ್ಮಿ ನಿಮ್ಮ ನೆತ್ತಿಯ ಮೇಲೇ ಹಾದುಹೋಗುತ್ತದೆ! ಅಕ್ಟೋಬರ್ ಮೊದಲ ವಾರದಲ್ಲಾದರೆ ರಾತ್ರಿ ಎಂಟೂವರೆ ಸುಮಾರಿಗೆ. ನವರಾತ್ರಿಯ ಮೊದಲ ದಿನಗಳಲ್ಲಿ ಚಂದ್ರ ಬೇಗ ಮುಳುಗುತ್ತಾನೆ, ಮಳೆ ಬಿಟ್ಟಿದ್ದರೆ ಅದಕ್ಕಿಂತ ಒಳ್ಳೆ ಹೊತ್ತಿಲ್ಲ. ಅಂಗಳದ ದೀಪ ಆರಿಸಿ, ಚಾಪೆ ಹಾಸಿ ಮಲಗಿ ನೋಡಿ.

ಮೊದಲು ಶ್ರವಣ ನಕ್ಷತ್ರ ಹಿಡಿಯಿರಿ. ಜೋರು ಹೊಳೆಯುತ್ತದೆ. ಅದರ ಆಚೆ ಈಚೆ ಒಂದೊಂದು ಮಂಕು ಚುಕ್ಕಿ, ಮೂರೂ ಒಂದೇ ಸಾಲಿನಲ್ಲಿ, ತಪ್ಪುವ ಮಾತೇ ಇಲ್ಲ. ಈಗ ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಶ್ರವಣದಿಂದ ಈಶಾನ್ಯಕ್ಕೆ ಒಂದೂವರೆ ಮುಷ್ಟಿಗೂ ಸ್ವಲ್ಪ ಕಮ್ಮಿ ಹೋದರೆ ನಾಲ್ಕು ಸಣ್ಣ ಚುಕ್ಕಿಗಳ ಓರೆ ಚೌಕ, ಬಾಲಕ್ಕೆ ಇನ್ನೊಂದು ಚುಕ್ಕಿ. ಅದೇ ಡೆಲ್ಫಿನಸ್. ನಮ್ಮ ಪಂಚಾಂಗದ ಧನಿಷ್ಠಾ!

ಈ ಚೌಕದ ಪಶ್ಚಿಮ ಬದಿಯ ಎರಡು ಚುಕ್ಕಿಗಳ ಹೆಸರು ಸುವಾಲೋಸಿನ್ ಮತ್ತು ರೋಟಾನೆವ್. ನಿಮ್ಮ ಮನೆಯವರಿಗೆ ಹೇಳಿ ಮಾಡಿಸಿದ ಕಥೆ ಇವೆರಡರದ್ದು. ಇಟಲಿಯ ಪಲೆರ್ಮೋ ವೀಕ್ಷಣಾಲಯದಿಂದ 1814ರಲ್ಲಿ ನಕ್ಷತ್ರಗಳ ಪಟ್ಟಿಯೊಂದು ಹೊರಬಂತು. ಈ ಎರಡು ಹೊಸ ಹೆಸರು ಅದರಲ್ಲಿದ್ದವು. ಎಲ್ಲಿಂದ ಬಂದವು ಅಂತ ಯಾರಿಗೂ ತಿಳಿಯಲಿಲ್ಲ. ಗ್ರೀಕ್ ಅಲ್ಲ, ಅರಬ್ಬಿಯೂ ಅಲ್ಲ. ಬಹಳ ವರ್ಷಗಳ ಮೇಲೆ ಥಾಮಸ್ ವೆಬ್ ಎಂಬ ಇಂಗ್ಲೆಂಡಿನ ಪಾದ್ರಿ ಅವನ್ನು ಹಿಂದುಮುಂದಾಗಿ ಓದಿ ನೋಡಿದರು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಬಲದಿಂದ ಎಡಕ್ಕೆ ಓದಿದರೆ ನಿಕೊಲಾಸ್ ವೆನಾಟರ್. ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ನಿಕೊಲೊ ಕಾಚಿಯತೋರೆ ಅವರ ಹೆಸರಿನ ಲ್ಯಾಟಿನ್ ರೂಪ ಅದು. ಆಸಾಮಿ ನೋಡಿ! ನಯಾಪೈಸೆ ಖರ್ಚಿಲ್ಲದೆ ಹೆಸರು ತೂರಿಸಿಬಿಟ್ಟರು. ಜನ ಅದನ್ನೇ ಬಳಸುತ್ತ ಬಂದರು, ಈಗ ಒಕ್ಕೂಟದ ಪಟ್ಟಿಯಲ್ಲೂ ಇದೆ. ಇಂಥ ಕಿತಾಪತಿ ಈಗ ನಡೆಯುವುದಿಲ್ಲ ಅನ್ನುವುದು ಬೇರೆ ಮಾತು.

ನಿಮ್ಮ ಸರ್ಟಿಫಿಕೇಟಿನ ಚುಕ್ಕಿ ಈ ಎರಡರ ನಡುವೆಯೇ ಬರುತ್ತದೆ. ಆದರೆ ಬರಿಗಣ್ಣಿಗೆ ಕಾಣದು. ಮ್ಯಾಗ್ನಿಟ್ಯೂಡ್ ಜಾಸ್ತಿಯಾದಷ್ಟೂ ಬೆಳಕು ಕಮ್ಮಿ. ನಮ್ಮ ಕಣ್ಣು 6ಕ್ಕೆ ನಿಲ್ಲುತ್ತದೆ, 11 ಅದಕ್ಕಿಂತ ನೂರು ಪಟ್ಟು ಮಂಕು. ಕನಿಷ್ಠ ನಾಲ್ಕು ಇಂಚಿನ ಟೆಲಿಸ್ಕೋಪ್ ಬೇಕು. ಒಂದು ವರ್ಷದ ಕೂಸಿಗೆ ಅದರೊಳಗೆ ಇಣುಕಿಸಿ ‘ನಿಂದು ಇದು’ ಅನ್ನುವುದು ಸುಮ್ನೆ ಕಷ್ಟ. ಧನಿಷ್ಠಾ ಚೌಕವನ್ನೇ ಬೆರಳು ತೋರಿಸಿ ಹೇಳಿ, ಸಾಕು.

ಇನ್ನು ಮಘಾ. ಅವಳು ಹುಟ್ಟಿದಾಗ ಚಂದ್ರ ಆಕಾಶದ ಆ ಭಾಗದಲ್ಲಿದ್ದ ಅಂತ ಅದರರ್ಥ. ಆ ನಕ್ಷತ್ರ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತದೆ, ದುಡ್ಡೂ ಬೇಡ. ಆದರೆ ಮಘೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟಿನಲ್ಲಿ ಹುಡುಕಬೇಡಿ. ಆಗ ಸೂರ್ಯನೇ ಅದರ ಪಕ್ಕ ಕೂತಿರುತ್ತಾನೆ. ಮಳೆಗೆ ಆ ಹೆಸರು ಬಂದದ್ದೂ ಅದಕ್ಕೇ ಅಲ್ವಾ? ಏಪ್ರಿಲ್ ಮಧ್ಯದಲ್ಲಿ ನೋಡಿ, ರಾತ್ರಿ ಒಂಬತ್ತಕ್ಕೆ ನೆತ್ತಿಯ ಹತ್ತಿರವೇ ಇರುತ್ತದೆ.

ಮಘಾದಿಂದ ದಕ್ಷಿಣಕ್ಕೆ ಒಂದೂವರೆ ಮುಷ್ಟಿ ಇಳಿದರೆ ನಿಜವಾಗಿ ಭಾರತದವರೇ ಹೆಸರಿಟ್ಟ ನಕ್ಷತ್ರದ ಜಾಗ. ಒಕ್ಕೂಟ ತನ್ನ ನೂರನೇ ವರ್ಷ, 2019ರಲ್ಲಿ, ಪ್ರತಿ ದೇಶಕ್ಕೂ ಒಂದು ನಕ್ಷತ್ರ ಮತ್ತು ಅದರ ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಿತ್ತು. ನಮ್ಮ ಪಾಲಿಗೆ ಬಂದದ್ದು ಎಚ್‌ಡಿ 86081. ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ಅದಕ್ಕೆ ಬಿಭಾ ಎಂದು ಹೆಸರಾಯಿತು, ಗ್ರಹಕ್ಕೆ ಸಂತಮಸ. ಇದೂ ಬರಿಗಣ್ಣಿಗೆ ಕಾಣದು, ಆದರೆ ಕತ್ತಲೆ ಜಾಗದಲ್ಲಿ ಒಳ್ಳೆ ಬೈನಾಕ್ಯುಲರಿಗೆ ಸಿಗುತ್ತದೆ. ಮುಂದಿನ ಹುಟ್ಟುಹಬ್ಬಕ್ಕೆ ಏನು ಕಳಿಸಲಿ ಅಂತ ಮಗ ಕೇಳಿದರೆ ಬೈನಾಕ್ಯುಲರ್ ಅಂತಲೇ ಹೇಳಿ.