ಗಾಡಿ ಓಡಿಸುವ ಹಸು

ಮಾರಿಯೋ ಕಾರ್ಟ್ ವರ್ಲ್ಡ್ ಅನ್ನೋ ಗಾಡಿ ರೇಸಿನ ವಿಡಿಯೋ ಗೇಮಿಗೋಸ್ಕರ ನಿಂಟೆಂಡೋ ಕಂಪನಿಯ ಗೇಮ್ ಯಂತ್ರ ಸ್ವಿಚ್ 2 ತಗೊಳ್ಳಬಹುದಾ, ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ ಅಂತ ಕೊಪ್ಪಳದಿಂದ ಕೇಳಿದ್ದೀರಿ. ಅಣ್ಣಾ, ಮಕ್ಕಳ ಹೆಸರು ಯಾಕೆ? ಆಸೆ ನಿಮ್ಮದೇ ಅಲ್ವಾ?

ಬಳ್ಳಾರಿಯಲ್ಲಿ ಗೆಳೆಯನ ಮನೆಯಲ್ಲಿ ಎರಡು ವಾರ ಆಡಿದೆ. ಅದರಲ್ಲಿ ನಾಕೌಟ್ ಟೂರ್ ಅನ್ನೋ ರೇಸಿನ ಬಗೆ ಮಾತ್ರ ಮಸ್ತಾಗಿದೆ. 24 ಗಾಡಿ ಒಟ್ಟಿಗೆ ಹೊರಡುತ್ತವೆ, ಒಂದೊಂದು ಗೇಟಿಗೂ ಹಿಂದುಳಿದ ನಾಲ್ವರು ಔಟ್. ಹಬ್ಬದ ಹಿಂದಿನ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರಿಗೆ ಇದೇನೂ ಹೊಸದಲ್ಲ. ನಾನೇ ಮೊದಲಿದ್ದೆ, ಕೊನೆಯ ಗೆರೆ ಕಾಣುತ್ತಿತ್ತು, ಹಿಂದಿನಿಂದ, ಮೊದಲಿದ್ದವನನ್ನೇ ಹುಡುಕಿ ಹೊಡೆಯುವ ನೀಲಿ ಚಿಪ್ಪು ಬಂತು. ಮುಗೀತು. ಆಮೇಲೆ ನನ್ನನ್ನು ದಾಟಿಕೊಂಡು ಹೋದದ್ದು ಒಂದು ಹಸು! ಹೌದು, ಈ ಸಲ ಹಸುವೂ ಗಾಡಿ ಓಡಿಸುತ್ತದೆ. ನಮ್ಮೂರ ಹಸು ರಸ್ತೆಗೆ ಅಡ್ಡ ಮಲಗುತ್ತದೆ ಅಷ್ಟೇ, ಓವರ್‌ಟೇಕ್ ಮಾಡುವುದಿಲ್ಲ.

ಸಾಲಾಗಿ ಹಲವು ರೇಸ್ ಇರುವ ಇನ್ನೊಂದು ಬಗೆ, ಗ್ರ್ಯಾನ್ ಪ್ರೀ, ಸಪ್ಪೆ. ಮೊದಲ ರೇಸ್ ಬಿಟ್ಟರೆ, ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವ ರಸ್ತೆಯೇ ಜಾಸ್ತಿ. ಸಿಂಧನೂರಿನಿಂದ ರಾಯಚೂರಿಗೆ ಹೋದ ಹಾಗೆ, ನಡುವೆ ಚಹಾ ಅಂಗಡಿಯೂ ಇಲ್ಲ.

ಅಮೆರಿಕದಲ್ಲೇ ಈ ಆಟಕ್ಕೆ 80 ಡಾಲರ್. ಹಳೇ ಸ್ವಿಚ್ ಇದ್ದರೆ ಇದರ ಹಿಂದಿನ ಆಟ ಮಾರಿಯೋ ಕಾರ್ಟ್ 8 ಡಿಲಕ್ಸ್ ಸಾಕು. ಅಲ್ಲಿ ಬರೀ 12 ಗಾಡಿ, ಆದರೂ ಮನೆಯಲ್ಲಿ ಜಗಳಕ್ಕೇನೂ ಕೊರತೆ ಆಗುವುದಿಲ್ಲ. ತಗೊಂಡೇ ತೀರುತ್ತೇನೆ ಅಂದರೆ, ಮಿರ್ಚಿ ತಿಂದ ಕೈ ತೊಳೆದು ಕಂಟ್ರೋಲರ್ ಮುಟ್ಟಿ.