ಮುನ್ನೂರು ವರ್ಷದ ಹುಡುಗ

ಪ್ರಶ್ನೆ: ಫ್ಯಾಂಟಸಿ ಕಾದಂಬರಿ ಅಂದರೆ ನನಗೆ ಪ್ರಾಣ. ಆದರೆ ಈಚೆಗೆ ಯಾವುದನ್ನು ತೆಗೆದರೂ ಒಂದೇ ಕಥೆ. ಹುಡುಗಿ ಮಾಮೂಲಿ ಮನುಷ್ಯಳು, ಹುಡುಗನಿಗೆ ಸಾವಿಲ್ಲ, ವಯಸ್ಸು ಮುನ್ನೂರೋ ಐನೂರೋ. ಮುನಿಸು, ಹೊಟ್ಟೆಕಿಚ್ಚು ಮಾತ್ರ ಕಾಲೇಜು ಹುಡುಗನದ್ದೇ! ಕೊನೆಗೆ ಅವಳನ್ನೂ ಅಮರಳನ್ನಾಗಿ ಮಾಡಿ ಕಥೆ ಮುಗಿಸಿಬಿಡುತ್ತಾರೆ. ನನಗಿದು ಮೋಸ ಅನ್ನಿಸುತ್ತದೆ. ಗೆಳತಿಯರು, ‘ನಿನಗೆ ಪ್ರೇಮಕಥೆ ಓದೋಕೇ ಬರಲ್ಲ’ ಅಂತಾರೆ. ತಪ್ಪು ನನ್ನದಾ?

ಉತ್ತರ: ಅರ್ಧ ನಿಮ್ಮ ಪಕ್ಷ, ಅರ್ಧ ಅಲ್ಲ.

ವಯಸ್ಸಿನ ವಿಷಯದಲ್ಲಿ ಪೂರ್ತಿ ನಿಮ್ಮ ಪಕ್ಷ. ಮುನ್ನೂರು ವರ್ಷ ಬದುಕಿದವನು ಎಷ್ಟು ಜನರನ್ನು ಮಣ್ಣು ಮಾಡಿ ಬಂದಿರಬೇಕು, ಎಷ್ಟು ಹೆಸರು ಮರೆತಿರಬೇಕು, ಹೊಸಬರ ಹತ್ತಿರ ಹೋಗುವುದಕ್ಕೇ ಎಷ್ಟು ಹೆದರಬೇಕು ಅಲ್ವಾ? ಅದರ ಗುರುತು ಒಂದೂ ಇಲ್ಲದಿದ್ದರೆ ಆ ಮುನ್ನೂರು ಸುಮ್ನೆ ಒಂದು ಅಂಕಿ.

ಆದರೆ ಕೊನೆಗೆ ಅಮರರಾಗುವುದೇ ಮೋಸ ಅಂದಿರಲ್ಲ, ಅಲ್ಲಿ ತಕರಾರಿದೆ. ಋಗ್ವೇದದ 10ನೇ ಮಂಡಲದ 95ನೇ ಸೂಕ್ತ ನೋಡಿ. 18 ಮಂತ್ರಗಳು, ಮನುಷ್ಯ ರಾಜ ಪುರೂರವ ಮತ್ತು ಸಾವಿಲ್ಲದ ಅಪ್ಸರೆ ಊರ್ವಶಿಯ ಮಾತುಕತೆ. ಅದು ಶುರುವಾಗುವುದೇ ಅವಳು ಬಿಟ್ಟುಹೋದ ಮೇಲೆ! ಇವನು ನಿಲ್ಲು, ಮಾತಾಡೋಣ ಅಂತ ಗೋಗರೆಯುತ್ತಾನೆ. ಅವಳು, ನಾನು ಗಾಳಿಯ ಹಾಗೆ, ಕೈಗೆ ಸಿಗುವವಳಲ್ಲ, ಮನೆಗೆ ಹೋಗು ಅನ್ನುತ್ತಾಳೆ. ಎಷ್ಟು ಖಡಕ್ಕು ನೋಡಿ. ಇದೇ ಕಥೆ ಯಜ್ಞಗಳನ್ನು ವಿವರಿಸುವ ವೈದಿಕ ಗ್ರಂಥ ಶತಪಥ ಬ್ರಾಹ್ಮಣದಲ್ಲಿ ಇನ್ನೂ ಬೆಳೆಯುತ್ತದೆ. ಅವನು ಬೆತ್ತಲೆಯಾಗಿ ಅವಳ ಕಣ್ಣಿಗೆ ಬೀಳಬಾರದು ಅನ್ನುವುದು ಅವಳ ಷರತ್ತು. ಗಂಧರ್ವರು ರಾತ್ರಿ ಅವಳ ಕುರಿಮರಿ ಕದಿಯುತ್ತಾರೆ, ಇವನು ಬಟ್ಟೆ ನೋಡಿಕೊಳ್ಳದೆ ಎದ್ದು ಹಾರುತ್ತಾನೆ, ಅವರು ಆ ಹೊತ್ತಿಗೇ ಮಿಂಚು ಹೊಡೆಸುತ್ತಾರೆ. ಅಲ್ಲಿಗೆ ಸಂಸಾರ ಮುಗಿಯಿತು.

ಕೊನೆಗೇನಾಯಿತು ಗೊತ್ತಾ? ಪುರೂರವನೂ ಗಂಧರ್ವನೇ ಆಗುತ್ತಾನೆ. ನಿಮಗೆ ಸಿಟ್ಟು ಬರಿಸುವ ಅದೇ ಮುಕ್ತಾಯ! ಆದರೆ ಅದಕ್ಕೆ ಮೊದಲು ಅವಳನ್ನು ಕಳೆದುಕೊಂಡು ಹುಚ್ಚನ ಹಾಗೆ ಅಲೆದಿದ್ದಾನೆ, ತಮ್ಮಂತಾಗಲು ಯಜ್ಞ ಮಾಡು ಅಂತ ಗಂಧರ್ವರು ಕೊಟ್ಟ ಬೆಂಕಿಯನ್ನೂ ಕಾಡಲ್ಲಿ ಬಿಟ್ಟು ಕಳೆದುಕೊಂಡಿದ್ದಾನೆ, ಆಮೇಲೆ ಅರಳಿಮರದ ಅರಣಿ (ಬೆಂಕಿ ಕಡೆಯುವ ಕಟ್ಟಿಗೆ) ಮಾಡಿ ಕಡೆದು ಕಡೆದು ಬೆಂಕಿ ತೆಗೆದಿದ್ದಾನೆ. ನಿಮ್ಮ ಕಾದಂಬರಿಗಳ ಹುಡುಗಿ ಏನು ಮಾಡಿದಳು? ಒಂದು ಗುಟುಕು ಏನೋ ಕುಡಿದಳು, ಆಯ್ತು. ನಿಮಗೆ ಚುಚ್ಚುತ್ತಿರುವುದು ಇದು ಅಂತ ನನಗನ್ನಿಸುತ್ತದೆ.

ಗ್ರೀಕರು ಇನ್ನೂ ಕ್ರೂರಿಗಳು. ಉಷೆಯ ದೇವತೆ ಈಯೋಸ್ ತನ್ನ ಪ್ರಿಯ ಟಿಥೋನಸ್‌ಗೆ ಸಾವು ಬಾರದಿರಲಿ ಅಂತ ದೇವತೆಗಳ ರಾಜ ಜ್ಯೂಸ್‌ನ ಹತ್ತಿರ ವರ ಕೇಳಿದಳು, ಯೌವನ ಕೇಳುವುದನ್ನು ಮರೆತಳು. ಅವನು ಮುದುಕನಾಗುತ್ತಲೇ ಹೋದ, ಸಾಯಲಿಲ್ಲ. ಕೈಕಾಲು ಆಡದಾದಾಗ ಅವಳು ಅವನನ್ನು ಒಂದು ಕೋಣೆಗೆ ಹಾಕಿ ಬಾಗಿಲು ಮುಚ್ಚಿದಳು. ಒಳಗಿಂದ ಮಾತು ಮಾತ್ರ ಹರಿಯುತ್ತಲೇ ಇತ್ತು. ಆ ಬಾಗಿಲು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಇನ್ನು ಗೆಳತಿಯರು. ಜಗಳಕ್ಕೆ ಹೋಗಬೇಡಿ, ಒಂದೇ ಪ್ರಶ್ನೆ ಕೇಳಿ. ಹುಡುಗಿಯನ್ನು ಅಮರಳಾಗಿಸದೆ, ಅವಳಿಗೆ ಎಂಬತ್ತಾದಾಗ ಅದೇ ಎಳೆ ಮುಖದ ಹುಡುಗ ಅವಳ ಕೈಗೆ ಔಷಧಿ ಕೊಡುವ ಅಧ್ಯಾಯ ಅವರು ಯಾವುದಾದರೂ ಕಾದಂಬರಿಯಲ್ಲಿ ಓದಿದ್ದಾರಾ? ಓದಿದ್ದರೆ ಹೆಸರು ನನಗೂ ಬರೆದು ಕಳಿಸಿ.